ತೆಂಗಿನಕಾಯಿಗೆ 24 ಪಟ್ಟು ಸ್ಕೋಪ್ ಬೇಕೆ?

ರೈಫಲ್, ಸ್ಕೋಪ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಸಮಯದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಾಗಿ ಪಾಯಿಂಟ್ 22 ರೈಫಲ್ ಕೊಳ್ಳಬೇಕೆಂದಿದ್ದೇನೆ. ಹಳೆಯ ಬೋಲ್ಟ್ ರೈಫಲ್ ಒಂದನ್ನು ನೋಡಿಟ್ಟಿದ್ದೇನೆ. ಅಂಗಡಿಯವರು 6-24×50 ಸ್ಕೋಪ್ ಹಾಕಿಸಿ, ಗುರಿ ತಪ್ಪುವ ಮಾತೇ ಇಲ್ಲ ಎನ್ನುತ್ತಾರೆ. ಹಾಕಿಸಲೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸ್ಕೋಪ್ ಬಿಡುತ್ತಾರೋ ಇಲ್ಲವೋ ಎಂದು ಮೊದಲು ಸಂಘಟಕರನ್ನು ಕೇಳಿ. ಬಿಡದಿದ್ದರೆ ಆ ದುಡ್ಡು ಉಳಿಯಿತು.

ಬಿಡುತ್ತಾರೆ ಎಂದೇ ಇಟ್ಟುಕೊಳ್ಳೋಣ. 6-24×50 ಎಂದರೆ ಗುರಿಯನ್ನು 6ರಿಂದ 24 ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಅಗಲದ ಮುಂಗಾಜಿನ ಸ್ಕೋಪ್. ಸುಲಿದ ಕಾಯಿಯ ಅಡ್ಡಳತೆ ಹೆಚ್ಚುಕಡಿಮೆ 10 ಸೆಂ.ಮೀ. ಒರಗು ಕೊಟ್ಟು 50 ಮೀಟರಿಗೆ ಹೊಡೆದ 5 ಗುಂಡು 2.5 ಸೆಂ.ಮೀ. ಒಳಗೆ ಬಿದ್ದರೆ ಆ ಕೋವಿ ಈ ಕೆಲಸಕ್ಕೆ ಧಾರಾಳ ಸಾಕು. ನಿಂತು ಹೊಡೆಯುವಾಗ ಮೈ ಓಲಾಡುವುದು ಅದಕ್ಕಿಂತ ಎಷ್ಟೋ ಹೆಚ್ಚು. 24 ಪಟ್ಟಿನಲ್ಲಿ ಆ ಓಲಾಟವೂ 24 ಪಟ್ಟಾಗಿಯೇ ಕಾಣುತ್ತದೆ. ಅಡ್ಡಗೆರೆ ಕಾಯಿಯ ಮೇಲೆ ಹಾದ ಗಳಿಗೆಗೆ ಕುದುರೆಯನ್ನು (ಟ್ರಿಗರ್) ಜಗ್ಗಿಬಿಡುವ ಚಾಳಿ ಹುಟ್ಟುವುದು ಅಲ್ಲೇ. ಸ್ಕೋಪಿನಿಂದ ಹೊರಬರುವ ಬೆಳಕಿನ ಕಂಬದ ಅಗಲವನ್ನೂ ನೋಡಿ. ಮುಂಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಅದು ಸಿಗುತ್ತದೆ. 50ನ್ನು 24ರಿಂದ ಭಾಗಿಸಿದರೆ 2 ಮಿ.ಮೀ., 32ನ್ನು 4ರಿಂದ ಭಾಗಿಸಿದರೆ 8 ಮಿ.ಮೀ. ಕಂಬ 2 ಮಿ.ಮೀ. ಇದ್ದರೆ ಕಣ್ಣು ಕೂದಲೆಳೆ ಸರಿದರೂ ಒಳಗೆಲ್ಲ ಕಪ್ಪು. ನಿಮಗೆ 4×32 ಅಥವಾ 2-7×32 ಬೇಕಾದಷ್ಟಾಯಿತು. ರಿಮ್‌ಫೈರ್‌ಗೆಂದೇ (ಪಾಯಿಂಟ್ 22ರಂತೆ ತೋಟೆಯ ಅಂಚಿಗೆ ಬಡಿದು ಸಿಡಿಸುವ ಕೋವಿ) ಮಾಡಿದ್ದು, ಪ್ಯಾರಲಾಕ್ಸ್ (ಕಣ್ಣು ಸರಿದಾಗ ಅಡ್ಡಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷ) 50 ಗಜಕ್ಕೆ ಹೊಂದಿಸಿದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಸ್ಕೋಪಿಗಿಂತ ಮೊದಲು ಕೋವಿಯನ್ನೇ ಸರಿಯಾಗಿ ನೋಡಬೇಕು. ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ಬೋಲ್ಟ್ ಹೊರಗೆಳೆಯಿರಿ. ನಳಿಗೆಯಲ್ಲಿ ಒಣಬಟ್ಟೆ ಹಾಯಿಸಿ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ತಿರುವುಗೆರೆಗಳು ತುದಿಯವರೆಗೂ ಚೂಪಾಗಿ ಕಾಣಬೇಕು. ಬೂದುಬಣ್ಣದ ಸೀಸ ಮೆತ್ತಿಕೊಂಡಿದ್ದರೆ ಉಜ್ಜಿದರೆ ಹೋಗುತ್ತದೆ, ಆದರೆ ತುಕ್ಕು ತಿಂದ ಗುಳಿ ಹೋಗುವುದಿಲ್ಲ. ಆಮೇಲೆ ನಳಿಗೆಯ ಬಾಯಿ. ಗುಂಡು ಕಟ್ಟಕಡೆಗೆ ಮುಟ್ಟುವ ಜಾಗ ಅದು. ಬಾಯಂಚಿನ ಒಳಗೆ ಹತ್ತಿಯ ಉಂಡೆ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಂಚು ಮುಕ್ಕಾಗಿದೆ. ಚೊಕ್ಕ ಮಾಡುವ ಕಬ್ಬಿಣದ ಸರಳನ್ನು ವರ್ಷಗಟ್ಟಲೆ ಮುಂದಿನಿಂದ ತುರುಕಿದ ಕೋವಿಗಳಲ್ಲಿ ಇದು ಮಾಮೂಲಿ. ಗುಂಡು ಹೊರಬೀಳುವಾಗ ಹಿಂದಿನ ಗಾಳಿ ಒಂದು ಪಕ್ಕದಿಂದ ಮೊದಲು ಸೀಳಿ ಬರುತ್ತದೆ, ಗುಂಡು ವಾಲುತ್ತದೆ. ನಳಿಗೆ ಉದ್ದವಿದ್ದಷ್ಟೂ ಗುರಿ ಚೆನ್ನ ಎನ್ನುವ ಮಾತು ಪಾಯಿಂಟ್ 22ಕ್ಕೆ ಹೊಂದುವುದಿಲ್ಲ. ಸುಮಾರು 40 ಸೆಂ.ಮೀ. ದಾಟುವಷ್ಟರಲ್ಲಿ ಮದ್ದು ಉರಿದು ಮುಗಿದಿರುತ್ತದೆ. ಕುದುರೆಯ ಭಾರವನ್ನು ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡಿ, 1ರಿಂದ 1.5 ಕೆ.ಜಿ. ಇದ್ದರೆ ಸರಿ.

ಇನ್ನು ತೋಟೆ. ಒಂದೇ ಅಳತೆಯ ಎರಡು ಕಂಪನಿಯ ತೋಟೆ ಒಂದೇ ಕೋವಿಯಲ್ಲಿ ಬೇರೆಬೇರೆ ಥರ ನಡೆದುಕೊಳ್ಳುತ್ತವೆ. ಇದಕ್ಕೆ ಹೊಡೆದು ನೋಡುವುದು ಬಿಟ್ಟು ಬೇರೆ ದಾರಿಯಿಲ್ಲ. ನಾಲ್ಕು ಬಗೆ ತಂದುಕೊಳ್ಳಿ. ಬಗೆ ಬದಲಿಸಿದಾಗ ಮೊದಲ 10 ಗುಂಡು ಲೆಕ್ಕಕ್ಕಿಲ್ಲ, ಏಕೆಂದರೆ ನಳಿಗೆಯಲ್ಲಿ ಹಳೆಯ ತೋಟೆಯ ಮೇಣ ಕೂತಿರುತ್ತದೆ. ಮರಳುಚೀಲದ ಮೇಲೆ ಕೋವಿ ಇಟ್ಟು 5 ಗುಂಡಿನ ನಾಲ್ಕು ಗುಂಪು ಹೊಡೆದು, ನಾಲ್ಕರ ಸರಾಸರಿ ತೆಗೆಯಿರಿ. ತೀರಾ ದೂರದ ಎರಡು ತೂತುಗಳ ಹೊರ ಅಂಚಿನಿಂದ ಅಂಚಿಗೆ ಅಳೆದು 5.6 ಮಿ.ಮೀ. ಕಳೆದರೆ ಗುಂಪಿನ ಅಳತೆ ಸಿಗುತ್ತದೆ: ಅಂಚಳತೆ 31.6 ಬಂದರೆ ಗುಂಪು 26. ಸೆಕೆಂಡಿಗೆ 320-330 ಮೀಟರ್ ವೇಗದ ಸ್ಟ್ಯಾಂಡರ್ಡ್ ತೋಟೆಗಳಿಂದ ಶುರು ಮಾಡಿ. ಹೈ ವೆಲಾಸಿಟಿ ಗುಂಡು ಶಬ್ದದ ವೇಗಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ಅದಕ್ಕಿಂತ ಕೆಳಗಿಳಿಯುವಾಗ ಅಲುಗುತ್ತದೆ.

ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೊಡವರಿಗೂ ಇರುವ ಲೈಸೆನ್ಸ್ ವಿನಾಯಿತಿ ನಿಮಗೆ ಸಲ್ಲುವುದಾದರೆ ಅದರ ಪ್ರಮಾಣಪತ್ರ, ಇಲ್ಲವಾದರೆ ಲೈಸೆನ್ಸ್ ಕೈಗೆ ಬಂದ ಮೇಲೆಯೇ ಮುಂಗಡ ಕೊಡಿ.

ಪ್ರಶ್ನೆ: ಸ್ಪ್ರಿಂಗ್ ಏರ್‌ರೈಫಲ್ ಇದೆ, ನಳಿಗೆ ಮುರಿದು ಪೆಲೆಟ್ ಹಾಕುವಂಥದು. ತೆರೆದ ಸೈಟಿನಲ್ಲಿ 20 ಮೀಟರಿಗೆ ಚೆನ್ನಾಗಿ ಹೊಡೆಯುತ್ತಿತ್ತು. 3-9×40 ಸ್ಕೋಪ್ ಹಾಕಿದ ಮೇಲೆ ದಿನಕ್ಕೊಂದು ಕಡೆ ಬೀಳುತ್ತಿದೆ. ಸ್ಕೋಪಿನ ಗುರಿ ಹೊಂದಿಸುವ ಗುಬುಟು ತಿರುಗಿಸಿ ಸಾಕಾಯಿತು. ಮೇಲಿನ ಗುಬುಟಂತೂ ಕೊನೆ ಮುಟ್ಟಿದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗುಬುಟು ಮುಟ್ಟುವುದನ್ನು ಇವತ್ತಿಗೆ ನಿಲ್ಲಿಸಿ. ಜಾಗ ಬದಲಿಸುವ ತೂತಿಗೆ ಗುಬುಟು ಮದ್ದಲ್ಲ.

ನಿಮ್ಮಲ್ಲಿ ಒಟ್ಟಿಗೆ ಮೂರು ತೊಂದರೆ ಇರುವಂತಿದೆ. ಮೊದಲನೆಯದು ಮೌಂಟ್, ಅಂದರೆ ಸ್ಕೋಪನ್ನು ಕೋವಿಗೆ ಹಿಡಿದಿಡುವ ಹಿಡಿಕೆ, ಜಾರುವುದು. ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದೆ ಹಾರಿದಾಗ ಕೋವಿ ಹಿಂದಕ್ಕೆ, ಪಿಸ್ಟನ್ ತುದಿಗೆ ಬಂದು ಗಕ್ಕನೆ ನಿಂತಾಗ ಕೋವಿ ಮುಂದಕ್ಕೆ. ಆ ಎರಡನೇ ಒದೆತಕ್ಕೆ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ಅಂದರೆ ಮೌಂಟು ಹಳಿಯ ಮೇಲೆ ಹಿಂದಕ್ಕೆ ಸರಿಯುತ್ತದೆ. ಮೌಂಟಿನ ಹಿಂದೆ ಹಳಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು 20 ಪೆಲೆಟ್ ಹೊಡೆಯಿರಿ. ಗೆರೆ ಮುಚ್ಚಿಹೋಗಿದ್ದರೆ ಕಳ್ಳ ಸಿಕ್ಕಿದ. ಎರಡು ಬಿಡಿ ರಿಂಗು ತೆಗೆದು, 11 ಮಿ.ಮೀ. ಹಳಿಗೆ ಕೂರುವ ಒಂದೇ ತುಂಡಿನ ಮೌಂಟ್ ಹಾಕಿ. ಅದರ ಸ್ಟಾಪ್ ಪಿನ್ ಹಳಿಯ ಹಿಂಬದಿ ತೂತಿಗೆ ಇಳಿದಿರಬೇಕು. ರಿಂಗಿನ ಒಳಮೈ, ಹಳಿ, ಸ್ಕೋಪಿನ ಕೊಳವೆ ಮೂರನ್ನೂ ಸ್ಪಿರಿಟ್ ಹಚ್ಚಿ ಒರೆಸಿ, ಎಣ್ಣೆ ಜಿಡ್ಡು ಉಳಿಯಬಾರದು. ರಿಂಗಿನ ಸ್ಕ್ರೂಗಳನ್ನು ಓರೆಓರೆಯಾಗಿ, ಎರಡೂ ಪಕ್ಕದ ಸಂದು ಸಮನಾಗಿರುವಂತೆ, ಸುಮಾರು 2 ನ್ಯೂಟನ್ ಮೀಟರಿಗೆ ಬಿಗಿಯಿರಿ. ಇನ್ನೂ ಒಂದು ಸುತ್ತು ಇರಲಿ ಎಂದರೆ ಕೊಳವೆ ನಜ್ಜಾಗಿ ಒಳಗಿನ ಭಾಗ ಸಿಕ್ಕಿಕೊಳ್ಳುತ್ತದೆ. ಹಾಗೇ ಸ್ಟಾಕಿನ (ಕೋವಿಯ ಹಿಡಿಭಾಗ) ಸ್ಕ್ರೂಗಳನ್ನೂ ನೋಡಿ. ಸ್ಕೋಪ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಎಷ್ಟೋ ಅಲ್ಲೇ ಮುಗಿಯುತ್ತವೆ.

ಎರಡನೆಯದು ನಳಿಗೆಯ ಇಳಿವಾಲು. ಮುರಿಯುವ ನಳಿಗೆ ಕೊಂಚ ಕೆಳಮುಖವಾಗಿ ಕೂರುವುದುಂಟು. ಅದನ್ನು ಸರಿದೂಗಿಸಲು ನೀವು ಮೇಲಿನ ಗುಬುಟನ್ನು ಕೊನೆವರೆಗೂ ಬಿಚ್ಚಿದ್ದೀರಿ. ಆಗ ಒಳಗಿನ ಸ್ಪ್ರಿಂಗಿಗೆ ಒತ್ತಡವೇ ಉಳಿಯದೆ ಅಡ್ಡಗೆರೆ ಪ್ರತಿ ಹೊಡೆತಕ್ಕೂ ಕುಣಿಯುತ್ತದೆ. ಗುಬುಟನ್ನು ಒಟ್ಟು ಸುತ್ತಿನ ನಡುವಿಗೆ ತನ್ನಿ. ಹಿಂದಿನ ರಿಂಗಿನಲ್ಲಿ ಕೊಳವೆಯ ಕೆಳಗೆ ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಪಟ್ಟಿ ಕೊಡಿ. ರಿಂಗುಗಳ ನಡುವೆ 100 ಮಿ.ಮೀ. ಇದ್ದರೆ, 0.1 ಮಿ.ಮೀ. ದಪ್ಪದ ಒಂದು ಪಟ್ಟಿ 20 ಮೀಟರಿನಲ್ಲಿ ಪೆಲೆಟನ್ನು 2 ಸೆಂ.ಮೀ. ಮೇಲಕ್ಕೆತ್ತುತ್ತದೆ. ಎರಡು ಪಟ್ಟಿಗಿಂತ ಹೆಚ್ಚು ಬೇಕಾದರೆ ಇಳಿವಾಲಿನ ಮೌಂಟೇ ಕೊಳ್ಳಿ. ಪಟ್ಟಿ ಪೇರಿಸುತ್ತ ಹೋದರೆ ಕೊಳವೆ ಬಾಗುತ್ತದೆ.

ಮೂರನೆಯದು ಪ್ಯಾರಲಾಕ್ಸ್. ಮಾಮೂಲು 3-9×40 ಸ್ಕೋಪನ್ನು 100 ಗಜಕ್ಕೆ, ಅಂದರೆ 91 ಮೀಟರಿಗೆ ಹೊಂದಿಸಿರುತ್ತಾರೆ. 20 ಮೀಟರಿನಲ್ಲಿ ಕಣ್ಣು ನಡುವಿನಿಂದ ಸರಿದರೆ ಗುರಿ 15 ಮಿ.ಮೀ.ವರೆಗೂ ತಪ್ಪಬಹುದು. ರೈಫಲನ್ನು ಚೀಲದ ಮೇಲಿಟ್ಟು, ಮುಟ್ಟದೆ, ತಲೆಯನ್ನಷ್ಟೇ ಮೇಲೆ ಕೆಳಗೆ ಆಡಿಸಿ. ಅಡ್ಡಗೆರೆ ಗುರಿಕಾಗದದ ಮೇಲೆ ಹರಿದಾಡಿದರೆ ಅದೇ ಇದು. 10 ಗಜದವರೆಗೂ ಹೊಂದಿಸಬಲ್ಲ, ಸ್ಪ್ರಿಂಗ್ ಏರ್‌ರೈಫಲ್ ತಡೆಯುತ್ತದೆ ಎಂದು ಪೆಟ್ಟಿಗೆಯ ಮೇಲೇ ಬರೆದಿರುವ ಸ್ಕೋಪ್ ತನ್ನಿ. ದೊಡ್ಡ ಕೋವಿಯ ಒದೆತ ತಡೆಯುವ ದುಬಾರಿ ಸ್ಕೋಪೂ ಈ ಮುಂದೊದೆತಕ್ಕೆ ಒಡೆದದ್ದುಂಟು.

ಹೊಡೆಯುವಾಗ ಮುಂಭಾಗವನ್ನು ಅಂಗೈ ಮೇಲೆ ಸುಮ್ಮನೆ ಕೂರಿಸಿ, ಅದುಮಿ ಹಿಡಿಯಬೇಡಿ.

ಪ್ರಶ್ನೆ: ಮಗಳಿಗೆ 13 ವರ್ಷ. 10 ಮೀಟರ್ ಏರ್‌ರೈಫಲ್ ಕಲಿಯುತ್ತಿದ್ದಾಳೆ. ಯಾವ ಸ್ಕೋಪ್ ಕೊಡಿಸಲಿ?
– ತಾಯಿಯೊಬ್ಬರು, ಹುಬ್ಬಳ್ಳಿ

ಉತ್ತರ: ಯಾವುದೂ ಬೇಡಮ್ಮ. ಈ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಹಿಂದೆ ಸಣ್ಣ ರಂಧ್ರದ ಸೈಟು, ಮುಂದೆ ಉಂಗುರ, ಇಷ್ಟರಲ್ಲೇ. ಗುರಿಕಾಗದದ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಹಾಗಾಗಿ ಅದನ್ನು ಕಾಣಲು ಯಾರೂ ಹೆಣಗುವುದಿಲ್ಲ, 30.5 ಮಿ.ಮೀ.ಯ ಇಡೀ ಕಪ್ಪು ಭಾಗವನ್ನು ಉಂಗುರದ ನಟ್ಟನಡುವೆ ಕೂರಿಸುತ್ತಾರೆ. ಕಪ್ಪಿನ ಸುತ್ತ ಬಿಳಿಯ ಬಳೆ ತೆಳ್ಳಗೆ ಕಾಣುವಷ್ಟು ಉಂಗುರ ದೊಡ್ಡದಿರಲಿ. ಬಿಗಿ ಉಂಗುರ ಹಾಕಿದರೆ ಕಣ್ಣು ದಣಿದು, ತಪ್ಪು ಗೊತ್ತೇ ಆಗುವುದಿಲ್ಲ.

ಮೊದಲ ವರ್ಷ ಕ್ಲಬ್ಬಿನ ರೈಫಲಿನಲ್ಲೇ ಕಲಿಯಲಿ. ಕೊಳ್ಳುವ ಹೊತ್ತು ಬಂದಾಗ ಫೈನ್‌ವೆರ್ಕ್‌ಬಾವ್, ವಾಲ್ಥರ್, ಅನ್‌ಶುಟ್ಸ್ ಮೂರರಲ್ಲಿ ಯಾವುದು ಹೆಚ್ಚು ಎಂಬ ವಾದದಲ್ಲಿ ಹುರುಳಿಲ್ಲ. ಮೂರೂ ಮಗುವಿಗಿಂತ ಚೆನ್ನಾಗಿ ಹೊಡೆಯುತ್ತವೆ. ಸ್ಟಾಕು ಗಿಡ್ಡ ಮಾಡಲು ಬರುತ್ತದೆಯೆ, ಕೆನ್ನೆಯ ಹಲಗೆ ಎತ್ತರಕ್ಕೆ ಏರುತ್ತದೆಯೆ, ಅವಳ ಮೈಗೆ ತೂಕ ಆಗುತ್ತದೆಯೆ, ಇಷ್ಟು ನೋಡಿ. ನಿಯಮ 5.5 ಕೆ.ಜಿ.ವರೆಗೆ ಬಿಡುತ್ತದೆಂದು ಅಷ್ಟನ್ನೂ ಹೊರಿಸಬೇಕಿಲ್ಲ. ಹಳೆಯದು ಕೊಂಡರೆ ಗಾಳಿಯ ಸಿಲಿಂಡರಿನ ಮೇಲೆ ಕೊರೆದ ತಾರೀಖು ಓದಿ. ಇವುಗಳ ಆಯುಷ್ಯ 10 ವರ್ಷ. ಅಗ್ಗವಾಗಿ ಸಿಗುವ ರೈಫಲುಗಳ ಗುಟ್ಟು ಎಷ್ಟೋ ಸಲ ಆ ತಾರೀಖಿನಲ್ಲೇ ಇರುತ್ತದೆ.

ಪ್ರಶ್ನೆ: 1/4 ಎಂಒಎ ಕ್ಲಿಕ್ ಒಳ್ಳೆಯದೋ 0.1 ಮಿಲ್ ಒಳ್ಳೆಯದೋ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡೂ ಕೋನದ ಅಳತೆಗಳೇ; ಗುಬುಟನ್ನು ಒಂದು ಕ್ಲಿಕ್ ತಿರುಗಿಸಿದರೆ ಗುರಿ ಎಷ್ಟು ಸರಿಯುತ್ತದೆಂದು ಹೇಳುತ್ತವೆ. ಮೀಟರಿನಲ್ಲಿ ಯೋಚಿಸುವವರಿಗೆ ಮಿಲ್ ಸಲೀಸು: ಒಂದು ಕ್ಲಿಕ್ಕಿಗೆ 10 ಮೀಟರಿನಲ್ಲಿ 1 ಮಿ.ಮೀ., 50ರಲ್ಲಿ 5, 100ರಲ್ಲಿ 10. 1/4 ಎಂಒಎ ತುಸು ನಯ, 50 ಮೀಟರಿನಲ್ಲಿ ಸುಮಾರು 3.6 ಮಿ.ಮೀ. ಯಾವುದೇ ಇರಲಿ, ಒಳಗಿನ ಗೆರೆಯ ಅಳತೆಯೂ ಗುಬುಟಿನ ಅಳತೆಯೂ ಒಂದೇ ಆಗಿರಲಿ. ಗುಬುಟು ಸುಳ್ಳು ಹೇಳುತ್ತದೆಯೇ ಎಂದು ನೋಡಲು ಚೌಕ ಹೊಡೆಯಿರಿ: 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ, ಪ್ರತಿ ಮೂಲೆಯಲ್ಲೂ 3 ಗುಂಡು. ಕೊನೆಯ ಮೂರು ಹೊರಟ ಜಾಗಕ್ಕೇ ಬರದಿದ್ದರೆ ಸ್ಕೋಪನ್ನು ಅಂಗಡಿಗೆ ವಾಪಸು ಕೊಡಿ.

ಪ್ರಶ್ನೆ: ಲೈಸೆನ್ಸ್ ಇಲ್ಲದ ಏರ್‌ಗನ್ನಿನಿಂದ ಗದ್ದೆಗೆ ಬರುವ ನವಿಲನ್ನು ಹೆದರಿಸುವಷ್ಟು ಹೊಡೆಯಬಹುದೆ?
– ಓದುಗರೊಬ್ಬರು, ತುಮಕೂರು

ಉತ್ತರ: ಕೂಡದು. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಗಾಯ ಮಾಡುವುದೂ ಬೇಟೆಯೇ. 4.5 ಮಿ.ಮೀ. ಮತ್ತು 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಇಲ್ಲಿ ಕೆಲಸಕ್ಕೆ ಬಾರದು. 20 ಜೂಲ್ ಎಂದರೆ ಅರ್ಧ ಗ್ರಾಂ ಚಿಲ್ಲರೆಯ ಪೆಲೆಟ್ ಸೆಕೆಂಡಿಗೆ 270 ಮೀಟರ್ ಹೋಗುವಷ್ಟು ಬಲ. ಹೆದರಿಸುವಷ್ಟು ಮಾತ್ರ ಹೊಡೆಯಲು ಅದರಿಂದ ಆಗುವುದಿಲ್ಲ. ಗದ್ದೆಯಂಚಿಗೆ ಹೊಳೆಯುವ ಪಟ್ಟಿ ಕಟ್ಟಿ, ಪೆಲೆಟನ್ನು ಕಾಗದಕ್ಕೆ ಹೊಡೆಯಿರಿ, ಕಾಗದದ ಹಿಂದೆ ಮಣ್ಣಿನ ದಿಬ್ಬ ಇರಲಿ.