ಹೆಸರು ತೆಗೆದರೆ ಹಾಡೆಲ್ಲಿ?

'ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ಹಳ್ಳಿ ಹಾಡುಗಳ ಲೇಖನ ಓದಿದೆ. ದೋಣಿ ಮುಳುಗಿದ ಹಾಡಿನ ಅನುವಾದದಲ್ಲಿ ಊರವರ ಹೆಸರುಗಳೇ ಜಾಸ್ತಿ. ನಮಗೆ ಗುರುತಿಲ್ಲದವರ ಪಟ್ಟಿ ಯಾಕೆ? ನಾಲ್ಕು ಸಾಲು ಕತ್ತರಿಸಬಹುದಿತ್ತಲ್ಲ?'
– ಶಿರಸಿಯ ಓದುಗರೊಬ್ಬರು

ಸುಳ್ಳು ಯಾಕೆ ಹೇಳಲಿ, ಕತ್ತರಿ ಕೈಗೆ ತೆಗೆದುಕೊಂಡಿದ್ದೆ. ಪುಟದಲ್ಲಿ ಜಾಗ ಸಾಲುತ್ತಿರಲಿಲ್ಲ. ಆದರೆ ಹೆಸರು ತೆಗೆದು ಓದಿದರೆ ಉಳಿದದ್ದು ಸುಮ್ನೆ ಒಂದು ಅಪಘಾತದ ಸುದ್ದಿ.

ಅದು ನಡೆದದ್ದು 1828ರ ಸೆಪ್ಟೆಂಬರ್ 4ರಂದು. ಅನಾಡೌನ್ ಕಡೆಯ ಜನ ಕಾರಿಬ್ ಸರೋವರ ದಾಟಿ ಗಾಲ್ವೇ ಸಂತೆಗೆ ಹೊರಟಿದ್ದರು. ಹಳೇ ದೋಣಿ, ಜನರ ಜೊತೆ ಕುರಿಗಳು ಬೇರೆ. ಒಂದು ಕುರಿಯ ಕಾಲು ತಳದ ಹಲಗೆಯನ್ನು ತೂತು ಮಾಡಿತು. ಒಬ್ಬಾತ ತನ್ನ ಕೋಟನ್ನೇ ತುರುಕಿ ಕಾಲಿಂದ ಒತ್ತಿದ, ಹಲಗೆ ಪೂರ್ತಿ ಕಿತ್ತುಹೋಯಿತು ಅನ್ನುತ್ತಾರೆ. 11 ಗಂಡಸರು, 8 ಹೆಂಗಸರು ನೀರುಪಾಲಾದರು. ಇದು ಹಾಡಿನ ಲೆಕ್ಕ.

ಹಾಡು ಕಟ್ಟಿದವನು ಆಂಟನಿ ರಾಫ್ಟರಿ. ಮೇಯೊ ಸೀಮೆಯವನು. ಚಿಕ್ಕಂದಿನಲ್ಲೇ ಸಿಡುಬಿನಿಂದ ಕಣ್ಣು ಹೋಗಿತ್ತು. ಪಿಟೀಲು ಹಿಡಿದು ಊರೂರು ಸುತ್ತುತ್ತಿದ್ದ. ಅವನ ಹಾಡಿನಲ್ಲಿ ಮೇರಿ ರುವೇನ್ ಎಂಬ ಹುಡುಗಿ ಬೆಳಿಗ್ಗೆ ಬೇಗ ಎದ್ದು ಸಂತೆಗೆ ಸಿಂಗರಿಸಿಕೊಳ್ಳುತ್ತಾಳೆ. ಒಳ್ಳೆ ಬಟ್ಟೆಯ ಕೋಟು, ಲೇಸಿನ ಟೋಪಿ, ಬಿಳಿ ರಿಬ್ಬನ್. ಕಣ್ಣಿಲ್ಲದವನಿಗೆ ರಿಬ್ಬನ್ನಿನ ಬಣ್ಣ ಹೇಗೆ ಗೊತ್ತಾಯಿತು? ಊರವರ ಬಾಯಿಂದಲೇ ಬಂದಿರಬೇಕು. ಆ ಹುಡುಗಿಯ ಹೆಸರು ಕತ್ತರಿಸಿದರೆ ರಿಬ್ಬನ್ ಯಾರ ತಲೆಗೆ ಕಟ್ಟೋಣ ಹೇಳಿ?

ಇಂಥವರು ತಮ್ಮ ಊರಿಗಾಗಿಯೇ ಹಾಡು ಕಟ್ಟಿದವರು. ಕಾರ್ಕ್ ಸೀಮೆಯ ಮಾಯ್ರ ವೀ ಓದುಬರಹ ಕಲಿತವಳಲ್ಲ. 1822ರಲ್ಲಿ ತನ್ನ ಊರಿನ ಹತ್ತಿರದ ಕಣಿವೆಯಲ್ಲಿ ನಡೆದ ಹೊಡೆದಾಟವನ್ನು ಅವಳು ಹಾಡಾಗಿಸಿದಳು. ಅಂದಹಾಗೆ, ಐರಿಷ್ ಭಾಷೆಯಲ್ಲೂ 'ಹಾಡು ಹೇಳು' ಅಂತಲೇ ಅನ್ನುವುದು: 'ಅಬರ್ ಔರಾನ್'. ನಮ್ಮ ಅಜ್ಜಿಯರ ಮಾತಿನ ಹಾಗೇ, ಅಲ್ವಾ?

ರಾಫ್ಟರಿ 1835ರಲ್ಲಿ ತೀರಿಕೊಂಡ. ಅವನ ಹಾಡುಗಳನ್ನು ಜನರ ಬಾಯಿಂದ, ಹಳೇ ಕೈಬರಹಗಳಿಂದ ಹುಡುಕಿ ಡಗ್ಲಸ್ ಹೈಡ್ ಪುಸ್ತಕ ಮಾಡಿದ್ದು 1903ರಲ್ಲಿ. (ಇದೇ ಹೈಡ್ 1938ರಲ್ಲಿ ಐರ್ಲೆಂಡಿನ ಮೊದಲ ರಾಷ್ಟ್ರಪತಿಯಾದರು.) ದೋಣಿ ಮುಳುಗಿ ಆಗಲೇ 75 ವರ್ಷ. ಅಷ್ಟು ಕಾಲ ಆ ಹೆಸರುಗಳನ್ನು ಉಳಿಸಿಕೊಂಡವರ ಎದುರು, ನಾಲ್ಕು ಸಾಲಿಗೆ ಜಾಗವಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ದೂರಿನಲ್ಲಿ ಒಂದು ನ್ಯಾಯವಿದೆ. ಊರು ಯಾವುದು, ದೋಣಿ ಹೇಗೆ ಮುಳುಗಿತು ಅಂತ ಹಾಡಿನ ಪಕ್ಕದಲ್ಲೇ ಎರಡು ಮಾತು ಬರೆಯಬೇಕಿತ್ತು. ಅದು ನನ್ನ ತಪ್ಪು. ಮುಂದಿನ ಸಂಚಿಕೆಯಲ್ಲಿ ಆ ಟಿಪ್ಪಣಿಯ ಜೊತೆ ಹಾಡನ್ನು ಮತ್ತೆ ಹಾಕುತ್ತೇವೆ, ಒಂದು ಹೆಸರೂ ಬಿಡದೆ.

– ಸಂಪಾದಕ