ಈಜು ಬರದವರು ಕಡಲು ಕಾಯುವ ಕೆಲಸಕ್ಕೆ ಹೋಗಬಹುದಾ?

ನೀವು ಕೇಳಿದ್ದು: ಎರಡು ತಿಂಗಳು ರಜೆ ಇದೆ, ವಿದೇಶದ ಯಾವುದಾದರೂ ಕಡಲತೀರದ ಹಳ್ಳಿಯಲ್ಲಿ ಸ್ವಯಂಸೇವಕನಾಗಿ ಕೆಲಸ ಮಾಡುವ ಆಸೆ, ಈಜು ಅಷ್ಟಕ್ಕಷ್ಟೆ, ಮೇಲಾಗಿ ಕೆಲಸ ಮಾಡೋಕೂ ನಾವೇ ದುಡ್ಡು ಕೊಡಬೇಕಂತೆ. ಹೋಗಬಹುದಾ?

ಹೋಗಿ. ಆದರೆ ಕಡಲು ಉಳಿಸೋಕೆ ಹೋಗ್ತಿದ್ದೇನೆ ಅನ್ನುವ ಜಂಬ ಬೇಡ. ನನಗೆ ಅದು ಬೇಕಾದಷ್ಟಿತ್ತು, ಒಂದೇ ವಾರದಲ್ಲಿ ಇಳಿಯಿತು.

ನಾನು ಆರು ವಾರ ಇದ್ದದ್ದು ಮಡಗಾಸ್ಕರ್‌ನ ನೈಋತ್ಯ ಕರಾವಳಿಯ ಅಂದವದುವಾಕ ಎಂಬ ಹಳ್ಳಿಯಲ್ಲಿ. ತುಲಿಯಾರಾ ಪಟ್ಟಣದಿಂದ ಉತ್ತರಕ್ಕೆ ಮರಳುದಾರಿ, ಇಡೀ ದಿನ ಮೈ ಕುಲುಕಾಟ. ಅಲ್ಲಿಯವರು ವೆಜೋ ಜನ. ಪಕ್ಕಕ್ಕೆ ಮರದ ತೇಲು ಕಟ್ಟಿದ ದೋಣಿ, ಅದಕ್ಕೊಂದು ಚೌಕದ ಹಾಯಿ, ಅದೇ ಅವರ ಬದುಕು.

ನಮ್ಮ ಕೆಲಸ ಏನು ಗೊತ್ತಾ? ಮೀನು ಎಣಿಸೋದು. ಮೊದಲು ಮೀನುಗಳ ಹೆಸರು ಕಲಿತು ಪರೀಕ್ಷೆ ಪಾಸಾಗಬೇಕು, ಆಮೇಲಷ್ಟೇ ನಿಮ್ಮ ಲೆಕ್ಕಕ್ಕೆ ಬೆಲೆ. ನಾನು ಎರಡು ಸಲ ಫೇಲಾದೆ. ಗಿಳಿಮೀನುಗಳಲ್ಲಿ ಹೆಣ್ಣಿಗೊಂದು ಬಣ್ಣ, ಗಂಡಿಗೊಂದು ಬಣ್ಣ, ಮರಿಗೆ ಇನ್ನೊಂದು. ಯಾರಿಗೆ ತಲೆ ಕೆಡಲ್ಲ ಹೇಳಿ!

ನಿಜವಾದ ಕೆಲಸ ಆ ಊರಿನವರೇ ಮಾಡಿಯಾಗಿತ್ತು. 2004ರ ನವೆಂಬರ್‌ನಲ್ಲಿ ಅವರು ನೋಸಿ ಫಾಸಿ ಎಂಬ ಕಡಲ ದಿಬ್ಬದ ಸುತ್ತ ಏಳು ತಿಂಗಳು ಆಕ್ಟೋಪಸ್ ಹಿಡಿಯುವುದನ್ನು ನಿಲ್ಲಿಸಿದರು. ಅಲ್ಲಿ ಸಿಗುವ ಆಕ್ಟೋಪಸ್‌ಗೆ ಆಯಸ್ಸು ಕಡಿಮೆ, ಹೆಚ್ಚೆಂದರೆ ಒಂದೂವರೆ ವರ್ಷ. ಆದರೆ ಬೆಳೆಯೋದು ಬಹಳ ಬೇಗ. ಕೆಲವು ತಿಂಗಳು ಸುಮ್ನೆ ಬಿಟ್ಟರೂ ಸಾಕು, ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಕಣ್ಣಾರೆ ಕಂಡ ಮೇಲೆ ಅಕ್ಕಪಕ್ಕದ ಊರುಗಳೂ ಸೇರಿದವು. 2006ರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹಳ್ಳಿಗಳ ಕಡಲನ್ನು ಒಟ್ಟು ಮಾಡಿ ವೆಲೊಂಡ್ರಿಯಾಕೆ ಅಂತ ಹೆಸರಿಟ್ಟರು. ಕಡಲಿನ ಜೊತೆ ಬದುಕೋದು ಅಂತ ಅರ್ಥ. ಕಟ್ಟುಪಾಡಿಗೆ ಅಲ್ಲಿ 'ದಿನಾ' ಅನ್ನುತ್ತಾರೆ. ಮುರಿದವರಿಗೆ ದಂಡ ಹಾಕುವುದೂ ಊರೇ.

ನಾನಿದ್ದಾಗ ಹೀಗೆ ಮುಚ್ಚಿದ್ದ ಒಂದು ದಿಬ್ಬವನ್ನು ಮತ್ತೆ ಆಕ್ಟೋಪಸ್ ಹಿಡಿಯೋಕೆ ತೆರೆಯುವ ದಿನ ಬಂತು. ಅಮಾವಾಸ್ಯೆಯ ದೊಡ್ಡ ಇಳಿತ. ಮೊಣಕಾಲುದ್ದ ನೀರಿನಲ್ಲಿ ನೂರಾರು ಜನ, ಜಾಸ್ತಿ ಹೆಂಗಸರೇ, ಕೈಯಲ್ಲಿ ಕಬ್ಬಿಣದ ಸಲಾಕೆ. ನನಗೆ ನಮ್ಮ ಅಘನಾಶಿನಿ ಹೊಳೆಯಲ್ಲಿ ಬೆಳಚು ಅನ್ನುವ ಚಿಪ್ಪುಜೀವಿ ಆರಿಸುವವರು ನೆನಪಾದರು. ಒಬ್ಬ ಅಜ್ಜಿ ನನ್ನ ತೋಳು ಹಿಡಿದು ನಿಲ್ಲಿಸಿ ಕೆಳಗೆ ತೋರಿಸಿದರು. ನನಗೆ ಕಂಡದ್ದು ಬರೀ ಕಲ್ಲು. ಅವರು ಸಲಾಕೆಯ ತುದಿಯಿಂದ ನಾಲ್ಕೈದು ಖಾಲಿ ಚಿಪ್ಪುಗಳನ್ನು ಮುಟ್ಟಿದರು. ತಿಂದು ಉಳಿದ ಚಿಪ್ಪನ್ನು ಆಕ್ಟೋಪಸ್ ತನ್ನ ಬಿಲದ ಬಾಯಲ್ಲೇ ಗುಡ್ಡೆ ಹಾಕುತ್ತದೆ, ಅದೇ ಗುರುತು. ಸಲಾಕೆ ಒಳಗೆ ಹೋಯಿತು. ಕಲ್ಲು ಅಂದುಕೊಂಡದ್ದು ಕೆಂಪಾಯಿತು, ಬೆಳ್ಳಗಾಯಿತು, ಕೊನೆಗೆ ಅಜ್ಜಿಯ ಮೊಣಕೈವರೆಗೂ ಸುತ್ತಿಕೊಂಡಿತು. ಅಷ್ಟು ದಿನ ಮೀನಿನ ಪಟ ನೋಡಿ ಬಾಯಿಪಾಠ ಮಾಡಿದ ನಾನು ಅದರ ಮನೆ ಬಾಗಿಲಲ್ಲೇ ನಿಂತಿದ್ದೆ! ದಡದಲ್ಲಿ ತಕ್ಕಡಿ ಇಟ್ಟುಕೊಂಡು ವ್ಯಾಪಾರಿಗಳು ಕಾಯುತ್ತಿದ್ದರು. ಹೀಗೆ ಕೊಂಡ ಮಾಲು ಯುರೋಪಿಗೆ ಹೋಗುತ್ತದೆ.

ಇನ್ನು ದುಡ್ಡು. ಸ್ವಯಂಸೇವಕರನ್ನು ಕರೆಸಿಕೊಳ್ಳುವ ಸಂಸ್ಥೆಯವರು ಕೇಳೋದು ತಪ್ಪಲ್ಲ. ನಿಮ್ಮ ಊಟ, ದೋಣಿ, ಕಲಿಸುವವರ ಸಂಬಳ ಎಲ್ಲಾ ಅದರಿಂದಲೇ ನಡೆಯಬೇಕು. ಆದರೆ ನಡುವಿನ ಏಜೆಂಟರ ಬಗ್ಗೆ ಹುಷಾರು. ನಾನೊಬ್ಬರಿಗೆ ಸುಮ್ನೆ ದುಡ್ಡು ಕೊಟ್ಟು ಕೈ ಸುಟ್ಟುಕೊಂಡೆ. ಅವರು ಮಾಡಿದ್ದು ಎರಡು ಈಮೇಲ್ ಕಳಿಸಿದ್ದು ಅಷ್ಟೇ. ಸಂಸ್ಥೆಗೇ ನೇರವಾಗಿ ಬರೆದು ಕೇಳಿ: ಕಡಲು ಮುಚ್ಚೋದು, ತೆರೆಯೋದು ತೀರ್ಮಾನಿಸುವವರು ಯಾರು? ನಾವು ಎಣಿಸಿದ ಲೆಕ್ಕ ಊರಿನವರ ಕೈಗೆ ಸಿಗುತ್ತಾ? ಉತ್ತರದಲ್ಲಿ ಊರಿನವರ ಸುದ್ದಿಯೇ ಇಲ್ಲದೆ ಬರೀ ಡೈವಿಂಗ್ ಫೋಟೋ ಬಂದರೆ ಅದು ಪ್ರವಾಸ. ಪ್ರವಾಸವೇ ಬೇಕಿದ್ದರೆ ಅದೂ ತಪ್ಪಲ್ಲ, ಹೆಸರು ಸರಿಯಾಗಿ ಕರೆಯಿರಿ.

ಊಟ ಅನ್ನ, ಬೀನ್ಸ್, ಮೀನು. ಮರುದಿನವೂ ಅದೇ. ಪಾತ್ರೆಯ ತಳದಲ್ಲಿ ಸೀದ ಅನ್ನಕ್ಕೆ ನೀರು ಹಾಕಿ ಕುದಿಸಿ ಕುಡಿಯುತ್ತಾರೆ, ಗಂಜಿ ತಿಳಿ ಕುಡಿದು ಬೆಳೆದವರಿಗೆ ಹಿಡಿಸುತ್ತದೆ. ಮಲೇರಿಯಾ ಇದೆ, ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತ್ರೆ ಕೇಳಿ.

ಈಜು? ಎರಡು ತಿಂಗಳು ಮೊದಲೇ ಯಾವುದಾದರೂ ಕೊಳಕ್ಕೆ ಸೇರಿಕೊಳ್ಳಿ. ಅಷ್ಟರಲ್ಲಿ ಬರದಿದ್ದರೂ ತೂಕ ಬರೆಯುವ, ಇಳಿತದಲ್ಲಿ ನಡೆಯುವ ಕೆಲಸ ಇದ್ದೇ ಇದೆ. ದಪ್ಪ ಅಡಿಯ ಶೂ ಮಾತ್ರ ಮರೆಯಬೇಡಿ. ನಾನು ಚಪ್ಪಲಿಯಲ್ಲಿ ಇಳಿದು ಮೂರನೇ ದಿನವೇ ಅರ್ಚಿನ್ ಅನ್ನುವ ಮೈತುಂಬ ಮುಳ್ಳಿನ ಕಡಲಜೀವಿಯ ಮೇಲೆ ಕಾಲಿಟ್ಟೆ. ಅಡುಗೆಯಾಕೆ ಸೂಜಿಯಿಂದ ಹನ್ನೊಂದು ಮುಳ್ಳು ತೆಗೆದರು, ಒಂದೊಂದಕ್ಕೂ ನಗುತ್ತಾ.