ಲ್ಯಾಪ್‌ಟಾಪ್ ಮಡಚಿ ತೆರೆದ ಮೇಲೆ ಬ್ಲೂಟೂತ್ ಏಳುತ್ತಿಲ್ಲ, ಕಾರ್ಡ್ ಹೋಯಿತೇ?

ನಾಪೋಕ್ಲಿನಿಂದ ನೀವು ಕೇಳಿದ್ದು ಇಷ್ಟು. ಉಬುಂಟು (ಲಿನಕ್ಸಿನ ಒಂದು ಬಗೆ) ಇರುವ ಲ್ಯಾಪ್‌ಟಾಪ್. ಕರೆಂಟ್ ಹೋದಾಗ ಬ್ಯಾಟರಿ ಉಳಿಸಲು ಮಡಚಿ ಇಡುತ್ತೀರಿ. ಮತ್ತೆ ತೆರೆದರೆ ವೈಫೈ ಬರುತ್ತದೆ, ಬ್ಲೂಟೂತ್ ಮಾತ್ರ ಆನ್ ಆಗುವುದಿಲ್ಲ. ಹೆಡ್‌ಸೆಟ್ ಇಲ್ಲ, ಮೌಸ್ ಇಲ್ಲ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಒಮ್ಮೊಮ್ಮೆ ಅದಕ್ಕೂ ಬಗ್ಗುವುದಿಲ್ಲ. ಮಳೆಯ ಥಂಡಿಗೆ ಕಾರ್ಡ್ ಹಾಳಾಗಿರಬಹುದೇ, ಮಡಿಕೇರಿಗೆ ಹೋಗಿ ಹೊಸದು ಹಾಕಿಸಬೇಕೇ?

ಬೇಡ. ಈಗಲೇ ಹೋಗಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ರೀಸ್ಟಾರ್ಟ್ ಮಾಡಿದರೆ ಬರುತ್ತದೆ ಅಂದಿರಲ್ಲ, ಸತ್ತ ಕಾರ್ಡ್ ಹಾಗೆ ಎದ್ದು ಬರುವುದಿಲ್ಲ. ಥಂಡಿ ಹಿಡಿದ ಕಾರ್ಡ್ ಆಗಿದ್ದರೆ ಕೆಲಸದ ನಡುವೆಯೂ ಕೈಕೊಡಬೇಕಿತ್ತು. ಮಡಚಿ ತೆರೆದಾಗ ಮಾತ್ರ ಕೈಕೊಡುತ್ತದೆ ಅಂದರೆ ಅದು ನಿದ್ದೆಯಿಂದ ಸರಿಯಾಗಿ ಎದ್ದಿಲ್ಲ, ಅಷ್ಟೇ.

ನಾನಿರುವುದು ಸುಂಟಿಕೊಪ್ಪದ ಹತ್ತಿರ, ತೋಟದ ಮನೆಯಲ್ಲಿ. ಕೆಲಸವೆಲ್ಲ ಮನೆಯಿಂದಲೇ. ಕಕ್ಕಡ ತಿಂಗಳ ಮಳೆಯಲ್ಲಿ ಮರದ ಕೊಂಬೆ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ದಿನಕ್ಕೆ ಹತ್ತು ಸಲ ಲ್ಯಾಪ್‌ಟಾಪ್ ಮಡಚುವುದು, ತೆರೆಯುವುದು. ನನಗೂ ಇದೇ ತೊಂದರೆ ಬಂದಿತ್ತು. ಒಂದು ಅಂಗಡಿಯಲ್ಲಿ ಬಿಚ್ಚಿ ನೋಡಿ, ಮಳೆಗಾಲದ ತೇವಕ್ಕೆ ಕಾರ್ಡ್ ಹೋಗಿದೆ, ಬದಲಿಸಬೇಕು ಅಂದರು. ನಮ್ಮಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದಲ್ಲ, ಹಾಗಾಗಿ ನಾನೂ ನಂಬಿದೆ. ಕಾರ್ಡ್ ತರಿಸಲು ಒಂದು ವಾರ ಬೇಕಿತ್ತು. ಆ ವಾರದಲ್ಲಿ ಒಂದೊಂದೇ ಕಮಾಂಡ್ ಕಲಿತು ನೋಡಿದೆ. ಅದೇ ಹಳೆಯ ಕಾರ್ಡ್ ಇವತ್ತಿಗೂ ನಡೆಯುತ್ತಿದೆ. ನೀವು ಮಳೆಯಲ್ಲಿ ಅಷ್ಟು ದೂರ ಹೋಗಿ ಸುಮ್ನೆ ದುಡ್ಡು ಕಳೆಯಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಒಂದೇ ಪುಟ್ಟ ಕಾರ್ಡಿನಲ್ಲಿರುತ್ತವೆ. ಆದರೆ ದಾರಿ ಬೇರೆ ಬೇರೆ. ವೈಫೈ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಹೋಗುತ್ತದೆ. ಬ್ಲೂಟೂತ್ ಒಳಗಿನ ಯುಎಸ್‌ಬಿ ದಾರಿಯಲ್ಲಿ, ನೀವು ಪೆನ್‌ಡ್ರೈವ್ ಚುಚ್ಚಿದ ಹಾಗೆಯೇ. ಅದಕ್ಕೇ ವೈಫೈ ಬಂದು ಬ್ಲೂಟೂತ್ ಬಾರದೆ ಇರುವುದು. ಇನ್ನೊಂದು ವಿಷಯ. ಇಂಟೆಲ್, ರಿಯಲ್‌ಟೆಕ್ ಚಿಪ್‌ಗಳಿಗೆ ಲಿನಕ್ಸ್ ತನ್ನ ಕಡೆಯಿಂದ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ಪುಟ್ಟ ಪ್ರೋಗ್ರಾಂ) ತುಂಬಿಸಬೇಕು. ಮಲಗಿದ್ದಾಗ ಆ ಚಿಪ್‌ಗೆ ವಿದ್ಯುತ್ ನಿಂತರೆ ತುಂಬಿಸಿದ್ದು ಅಳಿಸಿಹೋಗುತ್ತದೆ. ಎದ್ದ ಮೇಲೆ ಬಿಟಿಯುಎಸ್‌ಬಿ ಅನ್ನುವ ಡ್ರೈವರ್ ಮತ್ತೆ ತುಂಬಿಸಬೇಕು. ಆ ಹೊತ್ತಿಗೆ ಚಿಪ್ ಉತ್ತರ ಕೊಡದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಲ್ಲಿ ನಾನು ತುಂಬಾ ಒತ್ತಿ ಹೇಳುವುದು ಒಂದೇ: ಕೆಟ್ಟಿರುವಾಗಲೇ ನೋಡಿ. ಬ್ಲೂಟೂತ್ ಬರಲಿಲ್ಲ ಅಂದ ಕೂಡಲೇ ರೀಸ್ಟಾರ್ಟ್ ಒತ್ತಿದರೆ ತಪ್ಪು ಎಲ್ಲಿದೆ ಅನ್ನುವ ಗುರುತೂ ಅದರ ಜೊತೆ ಹೋಗುತ್ತದೆ. ಐದು ನಿಮಿಷ ತಡೆದು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆಯಿರಿ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹೊಡೆಯಿರಿ.

ಆರ್‌ಎಫ್‌ಕಿಲ್ ಲಿಸ್ಟ್

ಬ್ಲೂಟೂತ್ ಎದುರು ಸಾಫ್ಟ್ ಬ್ಲಾಕ್ಡ್ ಯೆಸ್ ಅಂತ ಇದ್ದರೆ ಅದು ಸಾಫ್ಟ್‌ವೇರ್ ಕಡೆಯಿಂದ ಆಫ್ ಆಗಿದೆ ಅಂತ ಅರ್ಥ. ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಬ್ಲೂಟೂತ್ ಅಂದರೆ ಮುಗಿಯಿತು (ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ). ಹಾರ್ಡ್ ಬ್ಲಾಕ್ಡ್ ಯೆಸ್ ಇದ್ದರೆ ಕೀಬೋರ್ಡಿನ ವಿಮಾನದ ಚಿತ್ರದ ಕೀ ಅಥವಾ ಪಕ್ಕದ ಸ್ವಿಚ್ ನೋಡಿ. ಎರಡೂ ನೋ ಇದ್ದರೆ ಮುಂದಕ್ಕೆ.

ಎಲ್‌ಎಸ್‌ಯುಎಸ್‌ಬಿ

ಯುಎಸ್‌ಬಿ ದಾರಿಯಲ್ಲಿ ಏನೇನಿದೆ ಅಂತ ಪಟ್ಟಿ ಕೊಡುತ್ತದೆ, ಇದು ಬಹಳ ಮುಖ್ಯ. ಬ್ಲೂಟೂತ್ ಚೆನ್ನಾಗಿರುವ ದಿನ ಒಮ್ಮೆ ಹೊಡೆದು ಬರೆದಿಟ್ಟುಕೊಳ್ಳಿ, ಕೆಟ್ಟ ದಿನ ಮತ್ತೊಮ್ಮೆ ಹೊಡೆದು ಹೋಲಿಸಿ. ಕಾರ್ಡಿನ ಸಾಲು ಇನ್ನೂ ಇದ್ದರೆ ಚಿಪ್ ಅಲ್ಲೇ ಇದೆ, ಡ್ರೈವರ್ ಮಾತ್ರ ತಪ್ಪಿದೆ. ಸಾಲೇ ಮಾಯವಾಗಿದ್ದರೆ ಚಿಪ್ ಯುಎಸ್‌ಬಿಯಿಂದಲೇ ಕಳಚಿಕೊಂಡಿದೆ. ಇವೆರಡಕ್ಕೆ ಔಷಧಿ ಬೇರೆ.

ಮೂರನೆಯದು ಸುಡೊ ಡಿಎಂಇಎಸ್‌ಜಿ. ಲಿನಕ್ಸ್ ಬರೆದಿಟ್ಟ ಸಂದೇಶಗಳ ಸಾಲುಗಳು ಉದ್ದಕ್ಕೆ ಬರುತ್ತವೆ, ಹೆದರಬೇಡಿ. ಕೊನೆಯ ಕಡೆ ಬ್ಲೂಟೂತ್ ಎಚ್‌ಸಿಐ0 ಅಂತ ಇರುವ ಸಾಲುಗಳು ಸಾಕು. ಟಿಎಕ್ಸ್ ಟೈಮ್‌ಔಟ್ ಅಂತಲೋ -110 ಅಂತಲೋ ಕಂಡರೆ, ಡ್ರೈವರ್ ಕರೆದಿದೆ, ಚಿಪ್ ಓಗೊಟ್ಟಿಲ್ಲ. ಫರ್ಮ್‌ವೇರ್ ಫೈಲ್ ಸಿಗಲಿಲ್ಲ ಅಂತ ಇದ್ದರೆ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಮಾಡಿ.

ಈಗ ಎಬ್ಬಿಸುವ ಕೆಲಸ. ಹಗುರದಿಂದ ಶುರು ಮಾಡಿ. ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಬ್ಲೂಟೂತ್. ಇದು ಮೇಲಿನ ಸೇವೆಯನ್ನು ಮಾತ್ರ ಮತ್ತೆ ಶುರು ಮಾಡುತ್ತದೆ, ಚಿಪ್ಪನ್ನು ಮುಟ್ಟುವುದಿಲ್ಲ. ಹೀಗಾಗಿ ಎಷ್ಟೋ ಜನ ಇದನ್ನೊಂದೇ ಮಾಡಿ, ಆಗಲಿಲ್ಲ ಅಂತ ಕೈಬಿಡುತ್ತಾರೆ. ಆಗದಿದ್ದರೆ ಡ್ರೈವರನ್ನೇ ತೆಗೆದು ಹಾಕಬೇಕು:

ಸುಡೊ ಮಾಡ್‌ಪ್ರೋಬ್ -ಆರ್ ಬಿಟಿಯುಎಸ್‌ಬಿ
ಸುಡೊ ಮಾಡ್‌ಪ್ರೋಬ್ ಬಿಟಿಯುಎಸ್‌ಬಿ

ಮೊದಲನೆಯದು ತೆಗೆಯುವುದು, ಎರಡನೆಯದು ಹಾಕುವುದು. ನಡುವೆ ಎರಡು ಸೆಕೆಂಡ್ ಬಿಡಿ. ಬಳಕೆಯಲ್ಲಿದೆ ಅಂತ ತಕರಾರು ಮಾಡಿದರೆ ಬ್ಲೂಟೂತ್ ಸೇವೆಯನ್ನು ಮೊದಲು ಸ್ಟಾಪ್ ಮಾಡಿ. ನನ್ನ ಲ್ಯಾಪ್‌ಟಾಪಿಗೆ ಇಷ್ಟೇ ಸಾಕಾಯಿತು. ಮೌಸಿನ ದೀಪ ಮಿನುಗಿ ನಿಂತಾಗ ಆದ ಸಮಾಧಾನ ಇನ್ನೂ ನೆನಪಿದೆ.

ಎಲ್‌ಎಸ್‌ಯುಎಸ್‌ಬಿಯಲ್ಲಿ ಸಾಲೇ ಇಲ್ಲದಿದ್ದರೆ ಮಾತ್ರ ಇದು ನಡೆಯದು. ಇಲ್ಲದ ಚಿಪ್‌ಗೆ ಡ್ರೈವರ್ ಏನು ಮಾಡೀತು? ಆಗ ರೀಸ್ಟಾರ್ಟ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಬೇಕು. ನೀವು ಕೇಳಿದ, ಕೆಲವು ಸಲ ರೀಸ್ಟಾರ್ಟಿಗೂ ಬಗ್ಗುವುದಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ರೀಸ್ಟಾರ್ಟ್ ಮಾಡುವಾಗ ಕಾರ್ಡಿಗೆ ಹೋಗುವ ವಿದ್ಯುತ್ ಎಷ್ಟೋ ಯಂತ್ರಗಳಲ್ಲಿ ನಿಲ್ಲುವುದೇ ಇಲ್ಲ. ಸಿಕ್ಕಿಬಿದ್ದ ಚಿಪ್ ಹಾಗೇ ಸಿಕ್ಕಿಬಿದ್ದಿರುತ್ತದೆ. ಶಟ್‌ಡೌನ್ ಮಾಡಿ, ಚಾರ್ಜರ್ ಎಳೆಯಿರಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ, ಆಮೇಲೆ ಆನ್ ಮಾಡಿ. ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೂಡ ಇದ್ದರೆ ಅಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದಿಲ್ಲ.

ಇನ್ನು ಮತ್ತೆ ಬಾರದ ಹಾಗೆ ಮಾಡುವುದು. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಲ್ಲಿ ಹತ್ತು ಸಲ ಕಮಾಂಡ್ ಹೊಡೆಯಲು ಯಾರಿಗೆ ಪುರುಸೊತ್ತು ಅಲ್ವಾ? ಎರಡು ದಾರಿ ಇವೆ, ಒಂದಾದ ಮೇಲೆ ಒಂದು ನೋಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದಿಲ್ಲ.

ಒಂದು, ಆಟೋಸಸ್ಪೆಂಡ್ ನಿಲ್ಲಿಸುವುದು. ಬ್ಯಾಟರಿ ಉಳಿಸಲು ಲಿನಕ್ಸ್ ಬ್ಲೂಟೂತ್ ಚಿಪ್ಪನ್ನು ಲ್ಯಾಪ್‌ಟಾಪ್ ತೆರೆದಿರುವಾಗಲೂ ಆಗಾಗ ಮಲಗಿಸುತ್ತದೆ. ಕೆಲವು ಚಿಪ್‌ಗಳಿಗೆ ಅದು ಒಗ್ಗುವುದಿಲ್ಲ. /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಹೆಸರಿನ ಕೊನೆಗೆ .ಕಾನ್ಫ್ ಇರುವ ಒಂದು ಹೊಸ ಫೈಲ್ ಮಾಡಿ, ಒಂದೇ ಸಾಲು ಹಾಕಿ: ಆಪ್ಶನ್ಸ್ ಬಿಟಿಯುಎಸ್‌ಬಿ ಎನೇಬಲ್_ಆಟೋಸಸ್ಪೆಂಡ್=0. ನಂತರ ರೀಸ್ಟಾರ್ಟ್. ಬ್ಯಾಟರಿ ತುಸು ಜಾಸ್ತಿ ಹೋಗಬಹುದು. ಬ್ಯಾಟರಿ ಉಳಿಸಲು ಟಿಎಲ್‌ಪಿ ಅನ್ನುವ ಪ್ರೋಗ್ರಾಂ ಹಾಕಿಕೊಂಡಿದ್ದರೆ ಅದರ ಕಾನ್ಫ್ ಫೈಲಿನಲ್ಲೂ ಯುಎಸ್‌ಬಿ_ಎಕ್ಸ್‌ಕ್ಲೂಡ್_ಬಿಟಿಯುಎಸ್‌ಬಿ=1 ಮಾಡಿ, ಈ ಹೆಸರು ಮಾತ್ರ ದೊಡ್ಡ ಅಕ್ಷರದಲ್ಲಿ. ಇಲ್ಲದಿದ್ದರೆ ನೀವು ನಿಲ್ಲಿಸಿದ್ದನ್ನು ಅದು ಮತ್ತೆ ಶುರು ಮಾಡಬಹುದು.

ಇದಕ್ಕೂ ಬಗ್ಗದಿದ್ದರೆ ಎರಡನೆಯದು. /ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್ ಫೋಲ್ಡರಿನಲ್ಲಿ ಇಡುವ ಸ್ಕ್ರಿಪ್ಟನ್ನು ಸಿಸ್ಟಮ್‌ಡಿ (ಉಬುಂಟುವಿನ ಸೇವೆಗಳನ್ನು ನಡೆಸುವ ಪ್ರೋಗ್ರಾಂ) ಲ್ಯಾಪ್‌ಟಾಪ್ ಮಲಗುವ ಮೊದಲು ಒಮ್ಮೆ, ಎದ್ದ ಮೇಲೆ ಒಮ್ಮೆ ಓಡಿಸುತ್ತದೆ. ಮಲಗುವಾಗ ಪ್ರಿ ಅನ್ನುವ ಪದ ಕೊಡುತ್ತದೆ, ಎದ್ದಾಗ ಪೋಸ್ಟ್. ಪ್ರಿ ಬಂದರೆ ಬಿಟಿಯುಎಸ್‌ಬಿ ತೆಗೆ, ಪೋಸ್ಟ್ ಬಂದರೆ ಹಾಕು, ಅಷ್ಟೇ ಬರೆಯಿರಿ. ಮೇಲಿನ ಎರಡು ಮಾಡ್‌ಪ್ರೋಬ್ ಸಾಲುಗಳೇ, ಇಲ್ಲಿ ಸುಡೊ ಬೇಡ. ಸಿಎಚ್‌ಮಾಡ್ +ಎಕ್ಸ್ ಕೊಡಲು ಮರೆಯಬೇಡಿ, ಅದಿಲ್ಲದೆ ಓಡುವುದಿಲ್ಲ. ಒಳ್ಳೆಯ ಡ್ರೈವರ್‌ಗೆ ಇದೆಲ್ಲ ಬೇಕಾಗಬಾರದು, ಒಪ್ಪುತ್ತೇನೆ. ಆದರೂ ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಮಳೆಗಾಲ ಈ ಸ್ಕ್ರಿಪ್ಟಿನ ಮೇಲೇ ಕಳೆದಿದೆ.

ತೊಂದರೆ ಯಾವಾಗ ಶುರುವಾಯಿತು ಅಂತಲೂ ನೆನಪು ಮಾಡಿಕೊಳ್ಳಿ. ಅಪ್‌ಡೇಟ್ ಆದ ಮಾರನೆಯ ದಿನದಿಂದ ಆಗಿದ್ದರೆ, ಆನ್ ಆಗುವಾಗ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಶನ್ಸ್‌ಗೆ ಹೋಗಿ ಹಿಂದಿನ ಕರ್ನಲ್ (ಲಿನಕ್ಸಿನ ತಿರುಳು ಭಾಗ) ಆರಿಸಿ. ಅದರಲ್ಲಿ ಮಡಚಿ ತೆರೆದರೂ ಬ್ಲೂಟೂತ್ ಬಂದರೆ ತಪ್ಪು ಹೊಸ ಕರ್ನಲಿನದು. ಮುಂದಿನ ಅಪ್‌ಡೇಟ್ ಬರುವ ತನಕ ಹಳೆಯದರಲ್ಲೇ ಇರಿ.

ಕಾರ್ಡ್ ನಿಜವಾಗಿ ಹೋಗಿರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ ತೆರೆದ ಮೇಲೂ ಎಲ್‌ಎಸ್‌ಯುಎಸ್‌ಬಿಯಲ್ಲಿ ಸಾಲು ಕಾಣದಿದ್ದರೆ, ಪೆನ್‌ಡ್ರೈವಿನಿಂದ ಲೈವ್ ಉಬುಂಟು (ಇನ್‌ಸ್ಟಾಲ್ ಮಾಡದೆ ನಡೆಯುವುದು) ಓಡಿಸಿ ನೋಡಿದರೂ ಕಾಣದಿದ್ದರೆ, ಆಗ ಮಡಿಕೇರಿಗೆ ಹೋಗಿ. ಆಗಲೂ ಇಡೀ ಕಾರ್ಡ್ ಬೇಕಿಲ್ಲ. ಲಿನಕ್ಸಿನಲ್ಲಿ ನಡೆಯುವ ಒಂದು ಸಣ್ಣ ಯುಎಸ್‌ಬಿ ಬ್ಲೂಟೂತ್ ಡಾಂಗಲ್ ಸಾಕು, ಲ್ಯಾಪ್‌ಟಾಪ್ ಬಿಚ್ಚುವ ಕೆಲಸವೂ ಇಲ್ಲ.

ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಆ ಮೂರು ಕಮಾಂಡ್ ಹೊಡೆದು, ಬಂದ ಸಾಲುಗಳನ್ನು ಇಲ್ಲೇ ಉತ್ತರದ ಕೆಳಗೆ ಹಾಕಿ. ಲ್ಯಾಪ್‌ಟಾಪ್ ಯಾವುದು, ಉಬುಂಟು ಎಷ್ಟನೆಯದು ಅಂತಲೂ ಬರೆಯಿರಿ. ನಿಮ್ಮ ಕಾರ್ಡಿಗೆ ಹೊಂದುವ ಸ್ಕ್ರಿಪ್ಟ್ ನಾನೇ ಬರೆದು ಕೊಡುತ್ತೇನೆ. ಇಲ್ಲೂ ಕರೆಂಟ್ ಇಲ್ಲದಿದ್ದರೆ ಉತ್ತರ ಒಂದೆರಡು ದಿನ ತಡವಾಗಬಹುದು.